ಬೆಳಕಿಗೆ ಕಾಣದ ಪೊಟ್ಯಾಶ್

ಎಲೆಗೆ ಯಂತ್ರ ಹಿಡಿದು ಗುಂಡಿ ಒತ್ತಿದರೆ ಸಾರಜನಕ, ಪೊಟ್ಯಾಶ್, ಸತು ಎಲ್ಲದರ ಲೆಕ್ಕವೂ ತೆರೆಯ ಮೇಲೆ ಬರುತ್ತದೆ, ಇನ್ನು ಪ್ರಯೋಗಾಲಯದ ಹಂಗೇಕೆ ಎಂಬ ಮಾತು ಈಗೀಗ ಜೋರಾಗಿದೆ. ಇದರಲ್ಲಿ ಅರ್ಧ ನಿಜ.

ನಿಜವಾದ ಅರ್ಧ ಸಣ್ಣದೇನಲ್ಲ. ಯಂತ್ರ ಎಲೆಯ ಮೇಲೆ ಬಿಡುವ, 780ರಿಂದ 2500 ನ್ಯಾನೋಮೀಟರ್‌ವರೆಗಿನ ಅತಿಗೆಂಪು ಬೆಳಕನ್ನು ನೀರು, ಪ್ರೋಟೀನ್, ಪಿಷ್ಟಗಳಲ್ಲಿ ಜಲಜನಕ ಬೆಸೆದುಕೊಂಡಿರುವ ಬಂಧಗಳು ಹೀರುತ್ತವೆ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಕಾರ್ಲ್ ನಾರಿಸ್ 1960ರ ದಶಕದಲ್ಲಿ ಇದನ್ನೇ ಹಿಡಿದು ಕಾಳುಗಳ ವಿಶ್ಲೇಷಣೆಗೆ ದಾರಿ ಮಾಡಿದರು. ಎಲೆಯ ಸಾರಜನಕದ ಬಹುಪಾಲು ಪ್ರೋಟೀನಿನಲ್ಲೇ ಇರುವುದರಿಂದ ಅಲ್ಲಿ ಯಂತ್ರದ ಮಾತನ್ನು ನಂಬಬಹುದು.

ಪೊಟ್ಯಾಶಿಯಂ ಕತೆ ಬೇರೆ. ಅದು ಜೀವಕೋಶದ ರಸದಲ್ಲಿ ಅಯಾನಾಗಿ ಕರಗಿರುತ್ತದೆ. ಈ ಬೆಳಕನ್ನು ಹೀರುವ ಬಂಧವೇ ಅದಕ್ಕಿಲ್ಲ. ಕೆಜಿ ಒಣ ಎಲೆಗೆ 20 ಮಿಲಿಗ್ರಾಂ ಆಸುಪಾಸಿನಲ್ಲಿರುವ ಸತುವಂತೂ ದೂರವೇ ಉಳಿಯಿತು. ಹಾಗಾದರೆ ಅಂಕಿ ಬರುವುದೆಲ್ಲಿಂದ? ನೀರು, ಪ್ರೋಟೀನ್, ಸಾವಯವ ಆಮ್ಲಗಳ ಜೊತೆ ಪೊಟ್ಯಾಶಿಗೆ ಸಾಮಾನ್ಯವಾಗಿ ಇರುವ ನಂಟಿನಿಂದ. ಒಲೆಯ ಹೊಗೆ ನೋಡಿ ಸಾರಿನ ಉಪ್ಪು ಹೇಳಿದ ಹಾಗೆ.

ಇದಕ್ಕೆ ಉತ್ತರವಾಗಿ, ಯಂತ್ರದ ಅಂಕಿ ಪ್ರಯೋಗಾಲಯದ ಅಂಕಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಆರ್-ಸ್ಕ್ವೇರ್ 0.9 ದಾಟಿದೆ ಎಂದು ಯಂತ್ರ ಮಾರುವವರು ತೋರಿಸುತ್ತಾರೆ. ನಾನು ಮೊದಲು ಕೇಳುವುದು, ಮಾದರಿ ಎಲೆಗಳನ್ನು ಎಲ್ಲಿಂದ ಕಿತ್ತಿರಿ ಎಂದು. ಪೊಟ್ಯಾಶ್ ಗಿಡದೊಳಗೆ ಓಡಾಡುವ ಪೋಷಕ. ಕೊರತೆಯಾದಾಗ ಹಳೆ ಎಲೆಯನ್ನು ಬಿಟ್ಟು ಚಿಗುರಿಗೆ ಹೋಗುತ್ತದೆ. ಚಿಗುರನ್ನೂ ಬಲಿತ ಎಲೆಯನ್ನೂ ಒಂದೇ ರಾಶಿಗೆ ಹಾಕಿದರೆ ಯಂತ್ರ ಕಲಿಯುವುದು ಎಲೆಯ ವಯಸ್ಸನ್ನು, ಅಂಕಿ ಮಾತ್ರ ಪೊಟ್ಯಾಶಿನದು! ಇಂಥ ಯಂತ್ರ ಕೈಕೊಡುವುದು ಅದು ಹೆಚ್ಚು ಬೇಕಾದ ಹೊಲದಲ್ಲೇ. ಯೂರಿಯಾ ಸುರಿದು ಪೊಟ್ಯಾಶ್ ಮರೆತ ಗದ್ದೆಯಲ್ಲಿ ಸಾರಜನಕಕ್ಕೂ ಪೊಟ್ಯಾಶಿಗೂ ನಡುವಿನ ಮಾಮೂಲಿ ನಂಟೇ ತಪ್ಪಿರುತ್ತದೆ. ಎಲೆ ಹಸಿರಾಗಿದೆ, ಎಲ್ಲವೂ ಸರಿ ಎಂದು ಅದು ಹೇಳಿಬಿಡಬಹುದು.

ಕಡಿಮೆ ಖರ್ಚಿನದಲ್ಲವೇ ಎಂಬ ವಾದವೂ ಉಂಟು. ಆದರೆ ಯಂತ್ರ ಕಲಿತ ಪ್ರತಿ ಅಂಕಿಯೂ ಪ್ರಯೋಗಾಲಯದಿಂದಲೇ ಬಂದದ್ದು. ಪ್ರೋಟೀನಿಗೆ, ಆಮ್ಲದಲ್ಲಿ ಕುದಿಸಿ ಸಾರಜನಕ ಅಳೆಯುವ 1883ರ ಕೆಲ್ಡಾಲ್ ವಿಧಾನ ಇಂದಿಗೂ ಹಲವೆಡೆ ಅದರ ಗುರು. ಹೊಸ ತಳಿ, ಹೊಸ ಮಣ್ಣು ಬಂದಾಗಲೆಲ್ಲ ಪಾಠ ಮತ್ತೆ ಹೇಳಿಸಬೇಕು. ಆ ಖರ್ಚನ್ನು ಮಾರುವವರು ಬಿಲ್ಲಿನಲ್ಲಿ ಸೇರಿಸುವುದಿಲ್ಲ.

ಈ ಯಂತ್ರದ ಜಾಗ ತಳಿ ಅಭಿವೃದ್ಧಿಯ ಮೇಜಿನ ಮೇಲೆ. ಸಾವಿರಾರು ರಾಗಿ ತಳಿಗಳ ಪ್ರೋಟೀನನ್ನು ಕಾಳು ಒಡೆಯದೆ ಅಳೆದು, ಅದೇ ಕಾಳನ್ನು ಬಿತ್ತಬಹುದು. ರಾಗಿಯ ಹೆಸರು ಇರುವುದು ಸುಣ್ಣದಂಶಕ್ಕಾಗಿ, 100 ಗ್ರಾಮಿಗೆ 340 ಮಿಲಿಗ್ರಾಂ ಸುಮಾರಿಗೆ. ಅದೂ ಪೊಟ್ಯಾಶಿನಂತೆ ಖನಿಜವೇ, ಆ ಲೆಕ್ಕಕ್ಕೆ ಮಾತ್ರ ಒಂದು ಹಿಡಿ ಕಾಳು ಆಮ್ಲಕ್ಕೆ ಬೀಳಲೇಬೇಕು.