ಪದಸೂಚಿಯಿಂದ ಪಠ್ಯಯಂತ್ರಕ್ಕೆ: ಗುರು ಬುಸಾ ಅವರ ಕಾರ್ಯ ಮತ್ತು ಕೃತಕ ಬುದ್ಧಿಮತ್ತೆ

ಸಾಹಿತ್ಯ, ತತ್ವಶಾಸ್ತ್ರ ಮೊದಲಾದ ಮಾನವಿಕ ಅಧ್ಯಯನಗಳಿಗೆ ಗಣಕಯಂತ್ರವನ್ನು ತಂದವರ ಚರಿತ್ರೆಯನ್ನು ಬರೆಯುವವರು ಮೊದಲು ಹೇಳುವುದು ಸಾಮಾನ್ಯವಾಗಿ ಒಬ್ಬ ಕಥೋಲಿಕ ಗುರುವಿನ ಹೆಸರನ್ನು. ಇಟಲಿಯ ಯೇಸುಸಭೆಗೆ ಸೇರಿದ ಗುರು ರೊಬೆರ್ತೊ ಬುಸಾ (1913–2011) ಅವರು ಸಂತ ತೋಮಸ್ ಅಕ್ವಿನಾಸರ ಸಮಗ್ರ ಕೃತಿಗಳಿಗೆ ಯಂತ್ರದ ನೆರವಿನಿಂದ ಸಿದ್ಧಪಡಿಸಿದ ಪದಸೂಚಿ 'ಇಂದೆಕ್ಸ್ ತೋಮಿಸ್ತಿಕುಸ್' 1974ರಿಂದ 1980ರವರೆಗೆ 56 ಸಂಪುಟಗಳಲ್ಲಿ ಮುದ್ರಣಗೊಂಡಿತು. ಅದು ಒಂದು ಕೋಟಿಗೂ ಮಿಕ್ಕ ಲತೀನ್ ಪದಗಳನ್ನು ಒಳಗೊಂಡಿದೆ. ಕೃತಕ ಬುದ್ಧಿಮತ್ತೆಯು ಪ್ರಬಂಧವನ್ನೂ ಪ್ರಬೋಧನೆಯನ್ನೂ ಕೀರ್ತನೆಯನ್ನೂ ಕ್ಷಣಮಾತ್ರದಲ್ಲಿ ಬರೆದುಕೊಡುವ ಈ ಕಾಲದಲ್ಲಿ ಬುಸಾ ಅವರನ್ನು ಸ್ಮರಿಸಿ, ಧರ್ಮಸಭೆ ತಂತ್ರಜ್ಞಾನಕ್ಕೆ ಎಂದೂ ಹೆದರಲಿಲ್ಲವೆಂದು ಹೆಮ್ಮೆಪಡುವುದು ವಾಡಿಕೆಯಾಗುತ್ತಿದೆ. ಆ ಹೆಮ್ಮೆ ಸಕಾರಣವಾದುದೇ. ಆದರೆ ಬುಸಾ ಅವರ ಯಂತ್ರಕ್ಕೂ ನಮ್ಮ ಯಂತ್ರಕ್ಕೂ ನಡುವೆ ಇರುವ ಅಂತರವನ್ನು ಅದು ಮರೆಸಬಾರದು. ಆ ಅಂತರವನ್ನು ಅಳೆಯಲು ಬೇಕಾದ ಮಾನದಂಡ ಸಂತ ತೋಮಸರಲ್ಲೇ ಇದೆ. ಅದರ ಮುಂದೆ ಬುಸಾ ಅವರ ಕಾರ್ಯವೂ ಪರೀಕ್ಷೆಗೆ ಒಳಪಡಬೇಕಾಗುತ್ತದೆ.

ಒಂದು ಪುಟ್ಟ ಅವ್ಯಯದ ಬೆನ್ನುಹತ್ತಿ

ಬುಸಾ ಅವರನ್ನು ಯಂತ್ರದ ಬಾಗಿಲಿಗೆ ಕೊಂಡೊಯ್ದದ್ದು ಯಂತ್ರದ ಮೋಹವಲ್ಲ, ಒಂದು ದೈವಶಾಸ್ತ್ರೀಯ ಪ್ರಶ್ನೆ. ಸಂತ ತೋಮಸರಲ್ಲಿ 'ಸಾನ್ನಿಧ್ಯ'ದ ಕಲ್ಪನೆ ಏನೆಂಬುದು ಅವರ ಡಾಕ್ಟರೇಟ್ ಸಂಶೋಧನೆಯ ವಸ್ತು. ಸಾನ್ನಿಧ್ಯವನ್ನು ಹೇಳುವ 'ಪ್ರೆಸೆನ್ಸ್', 'ಪ್ರೆಸೆನ್ತ್ಸಿಯಾ' ಎಂಬ ಲತೀನ್ ಪದಗಳನ್ನು ಅವರು ಹುಡುಕುತ್ತ ಹೋದರು. ಆ ಪದಗಳು ವಿಷಯದ ಅಂಚಿನಲ್ಲಷ್ಟೇ ನಿಂತಿದ್ದವು. ಸಾನ್ನಿಧ್ಯದ ಬೋಧನೆಯ ಭಾರವನ್ನು ಹೊತ್ತದ್ದು 'ಒಳಗೆ' ಎಂಬ ಅರ್ಥದ 'ಇನ್' ಎಂಬ ಪುಟ್ಟ ಅವ್ಯಯವೆಂದು ಅವರಿಗೆ ಕಂಡುಬಂದಿತು. ಆ ಅವ್ಯಯ ಬರುವ ವಾಕ್ಯಗಳನ್ನು ಅವರು ಸುಮಾರು 10,000 ಚೀಟಿಗಳ ಮೇಲೆ ಕೈಯಾರೆ ಬರೆದುಕೊಂಡರು. 1949ರಲ್ಲಿ ಪ್ರಕಟವಾದ ಆ ಸಂಶೋಧನೆಯ ಶೀರ್ಷಿಕೆಯೇ ಸಂತ ತೋಮಸರ 'ಆಂತರ್ಯದ ಪರಿಭಾಷೆ'ಯನ್ನು ಕುರಿತದ್ದು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ತೋಮಸ್ ವಾಟ್ಸನ್ ಅವರನ್ನು ಭೇಟಿಯಾಗಿ, ಲೆಕ್ಕಪತ್ರಕ್ಕೆಂದು ನಿರ್ಮಿಸಿದ್ದ ಪಂಚ್ ಕಾರ್ಡ್ ಯಂತ್ರಗಳನ್ನು ಪದಗಳ ಕೆಲಸಕ್ಕೆ ಒದಗಿಸಿಕೊಡುವಂತೆ ಅವರು ಒಪ್ಪಿಸಿದರು.

ಈ ಕಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ವಿದ್ವಾಂಸನ ಕಣ್ಣು ಹಾರಿಸಿಬಿಡುವ ಸಣ್ಣ ಪದದಲ್ಲೇ ಲೇಖಕನ ಮನಸ್ಸು ಅಡಗಿರಬಹುದು. ಅಂಥ ಪದವನ್ನು ಒಂದೂ ಬಿಡದೆ ಹೆಕ್ಕಲು ಯಂತ್ರ ಬೇಕು. ಎರಡನೆಯದಾಗಿ, ಪದಸೂಚಿಯು ತಾನಾಗಿ ಏನನ್ನೂ ಪ್ರತಿಪಾದಿಸುವುದಿಲ್ಲ. ಈ ಪದ ಇಂಥ ಕೃತಿಯ ಇಂಥ ಸ್ಥಳದಲ್ಲಿದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಓದುಗ ಅಲ್ಲಿಗೆ ಹೋಗಬೇಕು, ಓದಬೇಕು, ನಿರ್ಣಯಿಸಬೇಕು. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸಿನ ದೊಮಿನಿಕನ್ ಮಠದಲ್ಲಿ ಸೇಂಟ್ ಶೇರ್‌ನ ಹ್ಯೂಗ್ ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಬೈಬಲ್ ಪದಾನುಕ್ರಮಣಿಕೆಯ ಧರ್ಮವೂ ಇದೇ ಆಗಿತ್ತು. ಕನ್ನಡದಲ್ಲಿ ವಚನಗಳ ಪದಗಳನ್ನು ಹುಡುಕಿ, ಆ ಪದವಿರುವ ವಚನಗಳನ್ನೇ ಓದುಗರ ಮುಂದಿಡುವ 'ವಚನ ಸಂಚಯ'ವೂ ಈ ಪರಂಪರೆಗೇ ಸೇರಿದ್ದು. ಯಂತ್ರದ ಬಳಕೆಯ ಮುಖ್ಯ ಉದ್ದೇಶ ದುಡಿಮೆಯನ್ನು ಇಳಿಸುವುದಲ್ಲ, ಸಂಶೋಧನೆಯ ಆಳವನ್ನೂ ವ್ಯಾಪ್ತಿಯನ್ನೂ ಹೆಚ್ಚಿಸುವುದು ಎಂಬುದು ಬುಸಾ ಅವರ ನಿಲುವಾಗಿತ್ತು. ಅವರ ಯೋಜನೆಯಲ್ಲಿ ಯಂತ್ರ ದುಡಿದ ಗಂಟೆಗಳು ಸಾವಿರಗಳ ಲೆಕ್ಕದಲ್ಲಿದ್ದರೆ, ಮನುಷ್ಯರು ದುಡಿದ ಗಂಟೆಗಳು ಹತ್ತು ಲಕ್ಷವನ್ನು ಮೀರಿದ್ದವು.

ಅಂತರಂಗದ ನುಡಿ

ಇಂದಿನ ಪಠ್ಯಯಂತ್ರ ಇದಕ್ಕಿಂತ ಭಿನ್ನವಾದುದು. ಅಪಾರ ಪಠ್ಯರಾಶಿಯಿಂದ ಪದಗಳ ನೆರೆಹೊರೆಯ ಸಂಬಂಧವನ್ನು ಲೆಕ್ಕಹಾಕಿಕೊಂಡು, ಮುಂದೆ ಯಾವ ತುಣುಕು ಬರುವ ಸಂಭವ ಎಷ್ಟೆಂದು ಅಂದಾಜಿಸುತ್ತ ಅದು ವಾಕ್ಯವನ್ನು ಕಟ್ಟುತ್ತದೆ. ಪದಸೂಚಿ ನಮ್ಮನ್ನು ಮೂಲದ ಬಳಿಗೆ ಕಳುಹಿಸಿದರೆ, ಪಠ್ಯಯಂತ್ರವು ಮೂಲದ ಜಾಗದಲ್ಲಿ ತಾನೇ ಬಂದು ನಿಲ್ಲುತ್ತದೆ. 'ಸುಮ್ಮಾ ತಿಯೊಲೊಜಿಯೆ'ಯಲ್ಲಿ ಇಂಥ ವಿಷಯ ಎಲ್ಲಿದೆ ಎಂದು ಕೇಳಿದರೆ ಭಾಗ, ಪ್ರಶ್ನೆ, ಪ್ರಕರಣಗಳ ಸಂಖ್ಯೆಯೊಂದಿಗೆ ಉತ್ತರಿಸುತ್ತದೆ. ಆ ಸಂಖ್ಯೆ ಸರಿಯಾಗಿರಬಹುದು, ಕಲ್ಪಿತವೂ ಆಗಿರಬಹುದು. ಎರಡನ್ನೂ ಒಂದೇ ಧೈರ್ಯದಿಂದ ಹೇಳುತ್ತದೆ.

ಇಲ್ಲಿ ಸಂತ ತೋಮಸರ ಒಂದು ಬೋಧನೆ ನೆರವಿಗೆ ಬರುತ್ತದೆ. ಸಂತ ಅಗಸ್ಟೀನರ ಜಾಡಿನಲ್ಲಿ ಅವರು ನುಡಿಯನ್ನು ಎರಡು ನೆಲೆಗಳಲ್ಲಿ ಕಾಣುತ್ತಾರೆ. ಬುದ್ಧಿಯು ಒಂದು ವಸ್ತುವನ್ನು ಅರಿತಾಗ ಅದರೊಳಗೆ ಹುಟ್ಟುವುದು ಅಂತರಂಗದ ನುಡಿ. ಬಾಯಿಂದ ಹೊರಡುವ ಶಬ್ದ ಅದರ ಕುರುಹು. ಹೊರನುಡಿಗೆ ಅರ್ಥ ಬರುವುದು ಒಳನುಡಿಯಿಂದ. ದೇವರ ವಾಕ್ಯವಾದ ಪುತ್ರನು ಪಿತನಿಂದ ಹೊರಡುವುದನ್ನು ವಿವರಿಸುವಾಗಲೂ ತೋಮಸರು ಇದನ್ನೇ ಆಧರಿಸುತ್ತಾರಾದ್ದರಿಂದ, ಇದು ನಮ್ಮ ತ್ರಿತ್ವಶಾಸ್ತ್ರದ ಕೀಲಿಗಳಲ್ಲೊಂದು. ಈ ದೃಷ್ಟಿಯಿಂದ ನೋಡಿದರೆ ಪಠ್ಯಯಂತ್ರವು ಒಳನುಡಿಯಿಲ್ಲದ ಹೊರನುಡಿಯನ್ನು ಹೇರಳವಾಗಿ ಉತ್ಪಾದಿಸುವ ಸಾಧನ. ಅದು ಸುಳ್ಳಾಡುತ್ತದೆ ಎಂಬ ದೂರು ಅಷ್ಟು ನಿಖರವಲ್ಲ. ಸುಳ್ಳಾಡಲೂ ಸತ್ಯ ಯಾವುದೆಂಬ ಒಳಗಿನ ಅರಿವು ಬೇಕು.

2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಇಲಾಖೆಗಳು ಒಟ್ಟಾಗಿ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ದಾಖಲೆ ಈ ದಿಕ್ಕಿನಲ್ಲಿ ಮಹತ್ವದ್ದು. ಒಂದರಿಂದ ಇನ್ನೊಂದಕ್ಕೆ ಸಾಗುವ ತರ್ಕ, ಸತ್ಯವನ್ನು ನೇರವಾಗಿ ಗ್ರಹಿಸುವ ಅರಿವು ಇವೆರಡೂ ಒಂದೇ ಮಾನವ ಬುದ್ಧಿಯ ಎರಡು ಮುಖಗಳೆಂಬ ತೋಮಸರ ವಿಚಾರವನ್ನು ಅದು ಮುಂದಿಟ್ಟು, ಯಂತ್ರದ 'ಬುದ್ಧಿ'ಯನ್ನು ಮಾನವ ಬುದ್ಧಿಗೆ ಸಮವೆಂದು ಎಣಿಸುವುದರ ದೋಷವನ್ನು ತೋರಿಸುತ್ತದೆ. ಆದರೆ ಅದು ಶಿಕ್ಷಣ, ದುಡಿಮೆ, ಆರೋಗ್ಯ, ಯುದ್ಧಗಳಿಗೆ ಒಂದೊಂದು ಶೀರ್ಷಿಕೆ ಕೊಟ್ಟಂತೆ ಸಾಹಿತ್ಯ, ಕಲೆ ಮತ್ತು ಪಠ್ಯಸಂಶೋಧನೆಗೆ ಕೊಡುವುದಿಲ್ಲ. ಯಂತ್ರಗಳು ವಿದ್ಯಾರ್ಥಿಗಳಿಗೆ ಸಿದ್ಧ ಉತ್ತರ ಕೊಟ್ಟು, ತಾವೇ ಉತ್ತರ ಕಂಡುಕೊಳ್ಳುವ ಮತ್ತು ಬರೆಯುವ ಅಭ್ಯಾಸವನ್ನು ತಪ್ಪಿಸುತ್ತವೆಂಬ ಅದರ ಎಚ್ಚರಿಕೆ ಸರಿಯಾದದ್ದೇ. ಆ ಅಭ್ಯಾಸ ತಪ್ಪಿದರೆ ನಷ್ಟವಾಗುವುದೇನು ಎಂಬುದಕ್ಕೆ ಒಳನುಡಿಯ ಬೋಧನೆಯೇ ಅಲ್ಲಿ ಉತ್ತರವಾಗಬಹುದಿತ್ತು. ಬರೆಯುವುದೆಂದರೆ ಸಿದ್ಧವಾದ ಒಳನುಡಿಗೆ ಅಂಗಿ ತೊಡಿಸುವುದಲ್ಲ. ಬಹುಪಾಲು ನಮ್ಮಲ್ಲಿ ಒಳನುಡಿ ಮೂಡುವುದೇ ಪದಕ್ಕಾಗಿ ತಡಕಾಡುವಾಗ.

ಕಲೆಯ ವಿಚಾರದಲ್ಲಿ ಒಂದು ಗಂಭೀರ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕಲೆಯೆಂದರೆ ರಚಿಸಬೇಕಾದುದನ್ನು ಕುರಿತ ಸರಿಯಾದ ವಿವೇಕ. ಕುಶಲಕರ್ಮಿಯನ್ನು ಹೊಗಳುವುದು ಅವನ ಸಂಕಲ್ಪಕ್ಕಾಗಿ ಅಲ್ಲ, ಕೃತಿಯ ಗುಣಕ್ಕಾಗಿ ಎಂದು ಸ್ವತಃ ತೋಮಸರೇ ಹೇಳುತ್ತಾರೆ. ಹಾಗಾದರೆ ಯಂತ್ರ ರಚಿಸಿದ ಕೀರ್ತನೆಯ ರಾಗ, ಪ್ರಾಸ, ಅರ್ಥ ಎಲ್ಲವೂ ಚೆನ್ನಾಗಿದ್ದರೆ ಅಡ್ಡಿಯೇನು? ಆದರೆ ಅದೇ ಸ್ಥಳದಲ್ಲಿ ತೋಮಸರು ಕಲೆಯನ್ನು ಕರೆಯುವುದು ಒಂದು ಅಭ್ಯಾಸಗುಣವೆಂದು, ಮನುಷ್ಯನೊಳಗೆ ಬೇರೂರುವ ಸಾಮರ್ಥ್ಯವೆಂದು. ಯಂತ್ರದಿಂದ ಕೀರ್ತನೆ ದೊರೆತೀತು, ಕೀರ್ತನಕಾರ ದೊರೆಯಲಾರ. ಧರ್ಮಸಭೆಗೆ ಬೇಕಾದುದು ಹಾಡುಗಳ ಸಂಖ್ಯೆ ಮಾತ್ರವೇ ಆಗಿದ್ದರೆ ಈ ಭೇದ ಮುಖ್ಯವಾಗುತ್ತಿರಲಿಲ್ಲ. ಹಾಡುವ ಸಮುದಾಯದ ನೋವು ನಲಿವುಗಳನ್ನು ತನ್ನವೆಂದು ಬಲ್ಲವನೊಬ್ಬ ಅದರ ಪರವಾಗಿ ದೇವರೊಡನೆ ಮಾತನಾಡುವುದೇ ಕೀರ್ತನೆಯಾದರೆ, ಯಾರೂ ಆಡದ ಮಾತನ್ನು ಬಲಿಪೂಜೆಯಲ್ಲಿ ಹಾಡುವುದು ಬರಿದಾದ ಪಾತ್ರೆಯನ್ನು ಕಾಣಿಕೆಯಾಗಿ ತಂದಂತೆ.

ಹೆಸರಿಲ್ಲದ ಕೈಗಳು

ಇದೇ ಮಾನದಂಡವನ್ನು ಬುಸಾ ಅವರ ಕಾರ್ಯಕ್ಕೂ ಹಿಡಿಯಬೇಕು. ಒಂದು ಕೋಟಿ ಪದಗಳನ್ನು ಕಾರ್ಡುಗಳಿಗೆ ಇಳಿಸಿದವರಲ್ಲಿ ಹೆಚ್ಚಿನವರು ಗಲ್ಲಾರಾತೆ ಪಟ್ಟಣದ ಯುವತಿಯರು. ಅಲ್ಲಿ ಅವರಿಗಾಗಿ ತರಬೇತಿ ಶಾಲೆಯೊಂದು ಆರಂಭವಾಯಿತು. ಯೋಜನೆಯ ಛಾಯಾಚಿತ್ರಗಳಲ್ಲಿ ಯಂತ್ರದ ಮುಂದೆ ಕುಳಿತವರು ಅವರೇ. ಆದರೆ ದಶಕಗಳವರೆಗೆ ಅವರ ಹೆಸರುಗಳು ಚರಿತ್ರೆಗೆ ಸೇರಲಿಲ್ಲ. ಜೂಲಿಯಾನ್ ನೈಹನ್ ಮತ್ತು ಮೆಲಿಸ್ಸಾ ಟೆರಸ್ ಎಂಬ ವಿದುಷಿಯರ ಸಂಶೋಧನೆಯಿಂದ ಅವರ ಪಾಲು ಈಚೆಗೆ ಬೆಳಕಿಗೆ ಬಂದಿದೆ. ಲತೀನ್ ಬಲ್ಲವರು ಆತ್ಮವಿಶ್ವಾಸದಿಂದ ಎಚ್ಚರ ತಪ್ಪುತ್ತಾರೆಂದು ಬುಸಾ ಲತೀನ್ ಬಾರದವರನ್ನೇ ಆ ಕೆಲಸಕ್ಕೆ ಆರಿಸಿದರೆಂದು ಅವರ ಶಿಷ್ಯರೊಬ್ಬರು ನೆನಪಿಸಿಕೊಂಡಿದ್ದಾರೆ.

ಕಾರ್ಯದಕ್ಷತೆಯ ದೃಷ್ಟಿಯಿಂದ ಇದು ಜಾಣತನವಿರಬಹುದು. ದೈವಶಾಸ್ತ್ರದ ದೃಷ್ಟಿಯಿಂದ ಕಳವಳಕಾರಿ. ಸಂತ ತೋಮಸರ ಆಂತರ್ಯದ ಪರಿಭಾಷೆಯನ್ನು ಅರಸಿ ಹೊರಟ ಯೋಜನೆಯೊಂದು, ಅರಿಯಬಲ್ಲ ಮನಸ್ಸುಗಳಿಂದ ಅರಿಯದಿರುವಿಕೆಯನ್ನೇ ಅಪೇಕ್ಷಿಸಿತು. ಆ ಯುವತಿಯರಿಗೆ ಕೌಶಲವೂ ಉದ್ಯೋಗದ ದಾರಿಯೂ ದೊರೆತವೆಂಬುದನ್ನು ಮರೆಯಬಾರದು. ಆದರೆ ದುಡಿಮೆಯ ಮೌಲ್ಯವನ್ನು ಮೊದಲು ನಿರ್ಧರಿಸುವುದು ದುಡಿಯುವ ವ್ಯಕ್ತಿಯೇ ಹೊರತು ದುಡಿಮೆಯ ಫಲವಲ್ಲ ಎಂದು 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಸಂತ ದ್ವಿತೀಯ ಜಾನ್ ಪೌಲರು ಬೋಧಿಸಿದುದನ್ನು ಈ ಪದಸೂಚಿಗೂ ಅನ್ವಯಿಸದೆ ವಿಧಿಯಿಲ್ಲ. ಇಂದಿನ ಪಠ್ಯಯಂತ್ರಗಳ ಹಿಂದೆಯೂ ಇಂಥ ಕೈಗಳಿವೆ. ಕೆನ್ಯಾ, ಭಾರತ ಮೊದಲಾದ ದೇಶಗಳಲ್ಲಿ ದತ್ತಾಂಶಕ್ಕೆ ಗುರುತು ಹಚ್ಚುವವರು, ಹಿಂಸೆಯ ಮತ್ತು ಅಶ್ಲೀಲದ ಪಠ್ಯಗಳನ್ನು ಓದಿ ಬೇರ್ಪಡಿಸುವವರು ಇದ್ದಾರೆ. ಒಪ್ಪಿಗೆ ಕೇಳದೆ ಬಳಸಲ್ಪಟ್ಟ ಲೇಖಕರೂ ಅನುವಾದಕರೂ ಇದ್ದಾರೆ. ಯಂತ್ರವೇ ಬರೆಯಿತೆಂದು ನಾವು ಬೆರಗಾಗುವಾಗ ಮರೆಯಾಗುವುದು ಇವರ ಮುಖ.

ಕನ್ನಡದ 'ಅಲ್ಲಿ'

ಬುಸಾ ಅವರ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಏನಾಗುತ್ತದೆ? ಲತೀನಿನ 'ಇನ್' ಬಿಡಿಯಾಗಿ ನಿಲ್ಲುವ ಪದ. ಯಂತ್ರ ಅದನ್ನು ಸುಲಭವಾಗಿ ಹೆಕ್ಕುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವುದು ಸಪ್ತಮಿ ವಿಭಕ್ತಿ. 'ಕ್ರಿಸ್ತನಲ್ಲಿ', 'ಹೃದಯದಲ್ಲಿ', 'ತಂದೆಯಲ್ಲಿ' ಎಂಬೆಡೆ ಪ್ರತ್ಯಯ ಪ್ರಕೃತಿಯೊಡನೆ ಬೆಸೆದುಕೊಂಡಿದೆ. ಪಠ್ಯಯಂತ್ರಗಳು ಕನ್ನಡ ಪದವನ್ನು ಒಡೆಯುವ ತುಣುಕುಗಳು ಬಹುವೇಳೆ ಈ ಬೆಸುಗೆಯ ಗೆರೆಯಲ್ಲಿ ಬೀಳುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಅರ್ಥದ್ದು. 'ಮನೆಯಲ್ಲಿ' ಎಂದರೆ ಒಳಗೆ. 'ನನ್ನಲ್ಲಿ ಹಣವಿದೆ' ಎಂದರೆ ನನ್ನ ಬಳಿ. 'ಅವರಲ್ಲಿ ಕೇಳಿದೆ' ಎಂದರೆ ಅವರನ್ನು. 'ಅವರಲ್ಲಿ ಒಬ್ಬ' ಎಂದರೆ ಅವರ ನಡುವಿನಿಂದ. ಒಳಗಿರುವುದು, ಬಳಿಯಿರುವುದು, ಎದುರು ನಿಲ್ಲುವುದು, ಪಾಲುಗೊಳ್ಳುವುದು ಎಲ್ಲವನ್ನೂ ಕನ್ನಡ ಒಂದೇ ಪ್ರತ್ಯಯದಲ್ಲಿ ಇಟ್ಟಿದೆ. ಸಂತ ಪೌಲರ 'ಕ್ರಿಸ್ತನಲ್ಲಿ' ಎಂಬ ಮಾತನ್ನು ಕನ್ನಡಿಗ ವಿಶ್ವಾಸಿ ಕೇಳುವಾಗ ಇವುಗಳಲ್ಲಿ ಯಾವುದು ಅವನೊಳಗೆ ಮೊಳಗುತ್ತದೆ? ಇದು ಇಂಗ್ಲಿಷ್ ಗ್ರಂಥಗಳನ್ನು ಕನ್ನಡಿಸಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಪ್ರಧಾನವಾಗಿ ಇಂಗ್ಲಿಷ್ ಪಠ್ಯರಾಶಿಯಿಂದ ಕಲಿತ ಯಂತ್ರವನ್ನು ಕೇಳಿದರೆ ಬರುವುದು ಕನ್ನಡ ಅಂಗಿ ತೊಟ್ಟ ಇಂಗ್ಲಿಷ್ ಉತ್ತರವೇ.

ಯಂತ್ರದ ನಿಜವಾದ ಉಪಯೋಗ ಇಲ್ಲೇ ಇದೆ. ಕ್ರಿ.ಶ. 79ರ ವೆಸೂವಿಯಸ್ ಸ್ಫೋಟದಲ್ಲಿ ಕರಕಲಾದ ಹರ್ಕ್ಯುಲೇನಿಯಮ್ ಸುರುಳಿಯೊಂದನ್ನು ಬಿಚ್ಚದೆಯೇ, 2023ರಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ 'ನೇರಳೆ' ಎಂಬ ಅರ್ಥದ ಗ್ರೀಕ್ ಪದವೊಂದನ್ನು ಓದಲಾಯಿತು. ಯಂತ್ರ ಶಾಯಿಯ ಗುರುತನ್ನು ಹಿಡಿಯಿತು. ಅದು ಪದವೆಂದು ಪರಿಶೀಲಿಸಿ ಒಪ್ಪಿದವರು ಗ್ರೀಕ್ ಬಲ್ಲ ವಿದ್ವಾಂಸರು. ಹಾಗೆಯೇ ನಮ್ಮ ಹಳೆಯ ಪ್ರಾರ್ಥನಾ ಪುಸ್ತಕಗಳು, ಕೀರ್ತನ ಸಂಗ್ರಹಗಳು, ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳು, ಬೈಬಲಿನ ಹಳೆಯ ಮತ್ತು ಹೊಸ ಅನುವಾದಗಳು ಗಣಕಕ್ಕೆ ಇಳಿದು, ವಿಭಕ್ತಿ ಪ್ರತ್ಯಯಗಳನ್ನೂ ಹುಡುಕಬಲ್ಲ ಪದಸೂಚಿಯೊಂದು ಸಿದ್ಧವಾದರೆ, ಕನ್ನಡದ ವಿಶ್ವಾಸಿಗಳು ದೇವರೊಡನೆ ಆಡಿದ ಮಾತಿನ ವ್ಯಾಕರಣ ನಮಗೆ ಗೋಚರಿಸೀತು. ಆ ಕೆಲಸಕ್ಕೆ ಕೈಜೋಡಿಸಿದ ಪ್ರತಿಯೊಬ್ಬರ ಹೆಸರೂ ಮೊದಲ ಪುಟದಲ್ಲಿ ಇರಬೇಕು. ಅವರಿಗೆ ತಾವು ಟೈಪಿಸುತ್ತಿರುವುದರ ಅರ್ಥವನ್ನೂ ತಿಳಿಸಬೇಕು.

ಗುರುಮಠಗಳ ಮಟ್ಟಿಗೆ ಇದರಿಂದ ಹೊರಡುವ ನಿಯಮ ಸರಳವಾದುದು. ಯಂತ್ರದ ನೆರವಿನಿಂದ ಹುಡುಕಬಹುದು, ಎಣಿಸಬಹುದು, ಹೋಲಿಸಬಹುದು. ಆದರೆ ಉಲ್ಲೇಖಿಸಿದ ಪ್ರತಿಯೊಂದು ಸ್ಥಳವನ್ನೂ ವಿದ್ಯಾರ್ಥಿ ಸ್ವತಃ ತೆರೆದು ಓದಿರಬೇಕು. ಯಂತ್ರ ಮಾಡಿದ ಪಾಲನ್ನು ಬಚ್ಚಿಡದೆ ಹೇಳಬೇಕು. ನಿರ್ಣಯದ ವಾಕ್ಯ ಅವನದೇ ಆಗಿರಬೇಕು. ಪ್ರಬಂಧಪರೀಕ್ಷೆಯಲ್ಲಿ ಬರಹದಷ್ಟೇ ಮಹತ್ವವನ್ನು ಅದರ ಕುರಿತ ಸಂವಾದಕ್ಕೂ ಕೊಡುವುದು ಒಳ್ಳೆಯದು. ಅಂಕಗಳಿಗಿಂತ ದೊಡ್ಡ ಸಂಗತಿಯೊಂದು ಇಲ್ಲಿ ಪಣದಲ್ಲಿದೆ. ಇಂದು ಪ್ರಬಂಧ ಬರೆಯುತ್ತಿರುವ ಈ ತರುಣನೇ ನಾಳೆ ಮಗುವನ್ನು ಕಳೆದುಕೊಂಡ ತಾಯಿಯ ಎದುರು ಸಮಾಧಿಯ ಬಳಿ ನಿಂತು ಪುನರುತ್ಥಾನದ ಬಗ್ಗೆ ಮಾತನಾಡಬೇಕಾದವನು. ಅಲ್ಲಿ ಅವನಿಗೆ ಒದಗುವುದು ಗುರುಮಠದ ದಿನಗಳಲ್ಲಿ ಅವನೊಳಗೆ ಮೂಡಿದ ನುಡಿ ಮಾತ್ರ.