ಎರಡನೇ ಗೋಲ್‌ಕೀಪರ್

1948ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ಫುಟ್‌ಬಾಲ್ ತಂಡದ ಪಟ್ಟಿಯಲ್ಲಿ ಇಬ್ಬರು ಗೋಲ್‌ಕೀಪರ್‌ಗಳ ಹೆಸರಿದೆ. ಒಬ್ಬರು ಮೈಸೂರಿನ ಕೆ.ವಿ. ವರದರಾಜ್, ಇನ್ನೊಬ್ಬರು ಮುಂಬಯಿಯಿಂದ ಆಯ್ಕೆಯಾದ ಸಂಜೀವ ಉಚ್ಚಿಲ್. ಈ ಎರಡನೇ ಹೆಸರು ಓದಿದಾಗ ನಮ್ಮ ಕಡೆಯವರ ಕಿವಿ ನೆಟ್ಟಗಾಗಬೇಕು. ಉಡುಪಿಯಿಂದ ಮಂಗಳೂರು ಬಸ್ಸು ಹತ್ತಿದರೆ ಕಾಪು ದಾಟಿದ ಮೇಲೆ ಮಹಾಲಕ್ಷ್ಮೀ ದೇವಸ್ಥಾನದ ಉಚ್ಚಿಲ ಸಿಗುತ್ತದೆ. ಮಂಗಳೂರು ದಾಟಿ ತಲಪಾಡಿ ಕಡೆಗೆ ಹೋದರೆ ಸೋಮೇಶ್ವರದ ಪಕ್ಕ ಮತ್ತೊಂದು ಉಚ್ಚಿಲ. ಎರಡೂ ಕಡಲ ದಂಡೆಯ ಊರುಗಳು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿ, ಅದೂ ಗೋಲು ಕಾಯುವ ಜಾಗಕ್ಕೆ, ಈ ಕರಾವಳಿಯ ಹೆಸರೊಂದು ಇತ್ತು ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿಯೇ ಇಲ್ಲ.

ಆ ತಂಡದ ಕಥೆ ಹಲವರಿಗೆ ಗೊತ್ತು. ಬರ್ಮಾ ಆಡಲು ಬಾರದ ಕಾರಣ ಭಾರತ ಪಂದ್ಯ ಆಡದೆಯೇ ಮುಂದಿನ ಸುತ್ತಿಗೆ ದಾಟಿತು. ಜುಲೈ 31ರಂದು, ಸ್ವಾತಂತ್ರ್ಯಕ್ಕೆ ವರ್ಷ ತುಂಬಲು ಹದಿನೈದು ದಿನ ಬಾಕಿ ಇರುವಾಗ, ಲಂಡನ್‌ನ ಇಲ್‌ಫೋರ್ಡ್‌ನಲ್ಲಿ ಫ್ರಾನ್ಸ್ ಎದುರಾಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಕೈತಪ್ಪಿತು. ಎಸ್. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು. ಗೋಲಿನಲ್ಲಿ ನಿಂತಿದ್ದವರು ವರದರಾಜ್. ಉಚ್ಚಿಲ್ ಹೊರಗೆ. ಆಗಿನ ನಿಯಮದಲ್ಲಿ ಬದಲಿ ಆಟಗಾರನನ್ನು ಇಳಿಸುವ ಅವಕಾಶವೇ ಇರಲಿಲ್ಲ. ವಿಶ್ವಕಪ್‌ನಲ್ಲಿ ಅದು ಬಂದದ್ದೇ 1970ರಲ್ಲಿ. ಆ ಒಂದು ಪಂದ್ಯದೊಂದಿಗೆ ಭಾರತದ ಫುಟ್‌ಬಾಲ್ ತಂಡದ ಒಲಿಂಪಿಕ್ಸ್ ಮುಗಿಯಿತು, ಉಚ್ಚಿಲ್ ಅವರದ್ದೂ ಮುಗಿಯಿತು.

ಆ ಪಂದ್ಯದ ಬಗ್ಗೆ ಬರೆದವರೆಲ್ಲ ಬರಿಗಾಲಿನ ಬಗ್ಗೆ, ತಪ್ಪಿದ ಪೆನಾಲ್ಟಿಗಳ ಬಗ್ಗೆ ಬರೆದರು. ನನಗೆ ಮಾತ್ರ ಹೊರಗೆ ಕುಳಿತ ಆ ಒಬ್ಬರ ಮೇಲೆಯೇ ಕಣ್ಣು. ಯಾಕೆಂದರೆ ಗೋಲ್‌ಕೀಪರ್‌ನ ವೃತ್ತಿಜೀವನ ಎಂದರೆ ಬಹುಪಾಲು ಅದೇ. ಫಾರ್ವರ್ಡ್ ಆಟಗಾರನಿಗೆ ಒಂದು ಜಾಗ ಸಿಗದಿದ್ದರೆ ಪಕ್ಕದ ಜಾಗದಲ್ಲಿ ಆಡಬಹುದು, ರೈಟ್ ಬ್ಯಾಕ್ ಬೇಕಾದರೆ ಲೆಫ್ಟ್‌ಗೆ ಹೋಗಬಹುದು, ಕೊನೆಯ ಹತ್ತು ನಿಮಿಷಕ್ಕಾದರೂ ಮೈದಾನಕ್ಕೆ ಇಳಿಯಬಹುದು. ಗೋಲಿಗೆ ಇರುವುದು ಒಂದೇ ಜಾಗ. ವೃತ್ತಿಪರ ಕ್ಲಬ್ಬೊಂದು ಮೂರು ನಾಲ್ಕು ಜನ ಕೀಪರ್‌ಗಳನ್ನು ಇಟ್ಟುಕೊಂಡಿರುತ್ತದೆ, ಆಡುವವನು ಒಬ್ಬ. ಉಳಿದವರು ಅವನಷ್ಟೇ ಬೇಗ ಏಳುತ್ತಾರೆ, ಅವನಷ್ಟೇ ನೆಲಕ್ಕೆ ಬೀಳುತ್ತಾರೆ, ಅವನಷ್ಟೇ ಮೊಣಕೈ ತರಚಿಕೊಳ್ಳುತ್ತಾರೆ. ಚೌಕಿಯಲ್ಲಿ ಬಣ್ಣ ಹಚ್ಚಿ ಕುಳಿತ ಯಕ್ಷಗಾನ ಕಲಾವಿದನಿಗೆ ಬೆಳಗಿನ ಜಾವಕ್ಕಾದರೂ ರಂಗಸ್ಥಳದ ಪ್ರವೇಶ ಉಂಟು. ಎರಡನೇ ಕೀಪರ್‌ಗೆ ಇಡೀ ತಿರುಗಾಟ ಮುಗಿದರೂ ಅದು ಇಲ್ಲದಿರಬಹುದು.

ಹಾಗೆಂದು ಆ ಕಾಯುವಿಕೆ ವ್ಯರ್ಥವಲ್ಲ. 2016ರ ನವೆಂಬರ್ 5ರಂದು ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ನಡೆಯಿತು. ಭಾರತದ ಕ್ಲಬ್ಬೊಂದು ಆ ಹಂತ ಮುಟ್ಟಿದ್ದು ಅದೇ ಮೊದಲು, ಮುಟ್ಟಿದ್ದು ನಮ್ಮ ಬೆಂಗಳೂರು ಎಫ್‌ಸಿ. ಸೆಮಿಫೈನಲ್‌ನಲ್ಲಿ ಗೋಲು ಕಾದ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ಕಾರಣದಿಂದ ಆ ದಿನ ಆಡುವಂತಿರಲಿಲ್ಲ. ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು ಕೈಗೆ ಗ್ಲೌಸ್ ಹಾಕಿ ಇಳಿದವರು ಲಾಲ್ತುವಮ್ಮಾವಿಯಾ ರಾಲ್ಟೆ. ಬೆಂಗಳೂರು ಒಂದು ಗೋಲಿನಿಂದ ಸೋತಿತು. ಆದರೂ ಕ್ಲಬ್ಬಿನ ಚರಿತ್ರೆಯ ಅತಿ ದೊಡ್ಡ ರಾತ್ರಿ ಗೋಲಿನ ಎದುರು ನಿಂತವರು ಎರಡನೇ ಕೀಪರ್ ಎಂಬುದನ್ನು ನಾನು ಮರೆಯುವುದಿಲ್ಲ. ಇದರ ಉಲ್ಟಾ ಕೂಡ ಆಗುತ್ತದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕೀಪರ್ ಪೀಟರ್ ತಂಗರಾಜ್ ಜ್ವರ ಬಿದ್ದಾಗ ಮುಂಚಿನ ಪಂದ್ಯಗಳಲ್ಲಿ ಗೋಲು ಕಾದವರು ಪ್ರದ್ಯೋತ್ ಬರ್ಮನ್. ದಕ್ಷಿಣ ಕೊರಿಯಾ ಎದುರಿನ ಫೈನಲ್‌ಗೆ ತಂಗರಾಜ್ ಮರಳಿದರು, ಭಾರತ 2–1ರಲ್ಲಿ ಚಿನ್ನ ಗೆದ್ದಿತು. ಬರ್ಮನ್ ಆಗ ಹೊರಗಿನಿಂದ ನೋಡಿದರು. ಆ ಚಿನ್ನದಲ್ಲಿ ಅವರ ಪಾಲು ಸಣ್ಣದಲ್ಲ.

ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರನ್ನೇ ನೋಡಿ. ಇಂದು ಅವರು ಬೆಂಗಳೂರಿನ ಕಂಠೀರವದಲ್ಲಿ ಆರೂವರೆ ಅಡಿ ಎತ್ತರಕ್ಕೆ ನಿಂತರೆ ಎದುರಾಳಿಗೆ ಗೋಲು ಸಣ್ಣದಾಗಿ ಕಾಣುತ್ತದೆ. 2023ರ ಜುಲೈ 4ರಂದು ಅದೇ ಮೈದಾನದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿಯನ್ನು ಅವರು ಎಡಕ್ಕೆ ಹಾರಿ ತಡೆದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಆದರೆ 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ ಮೇಲೆ ಲೀಗ್ ಪಂದ್ಯವೊಂದರಲ್ಲಿ ಆಡಲು ಅವರು 2016ರವರೆಗೆ ಕಾದರು. ಇಪ್ಪತ್ತೆರಡರ ಹುಡುಗ, ಚಳಿಯ ದೇಶ, ಭಾಷೆ ಬಾರದ ಡ್ರೆಸ್ಸಿಂಗ್ ರೂಮ್, ವಾರವಾರವೂ ಆಡುವ ಹನ್ನೊಂದರಲ್ಲಿ ಹೆಸರಿಲ್ಲ. ಕಂಠೀರವದ ಆ ಹಾರಾಟದಲ್ಲಿ ಕಂಡ ಶಾಂತಿಯ ಬೇರು ಆ ಎರಡು ವರ್ಷಗಳಲ್ಲಿದೆ ಎಂದು ನಾನು ನಂಬುತ್ತೇನೆ.

ಈಗ ನಮ್ಮ ಊರಿನ ಮಾತು. ಉಡುಪಿಯ ಅಜ್ಜರಕಾಡಿನಲ್ಲಾಗಲಿ, ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಾಗಲಿ, ಕಾರ್ಕಳದ ಶಾಲಾ ಮೈದಾನದಲ್ಲಾಗಲಿ ಸಂಜೆ ಹುಡುಗರು ಎರಡು ಪಂಗಡ ಮಾಡಿಕೊಳ್ಳುವುದನ್ನು ಗಮನಿಸಿ. ಚೆನ್ನಾಗಿ ಆಡುವವರೆಲ್ಲ ಹಂಚಿಹೋದ ಮೇಲೆ ಉಳಿದವನಿಗೆ ‘ನೀನು ಗೋಲಿಗೆ ನಿಲ್ಲು ಮಾರಾಯ’ ಎನ್ನುತ್ತಾರೆ. ಓಡಲಿಕ್ಕೆ ಆಗದವನು, ಹೊಸಬ, ಅಣ್ಣನ ಜೊತೆ ಬಂದ ತಮ್ಮ, ಇವರಿಗೇ ಆ ಕೆಲಸ. ಹತ್ತನೇ ಕ್ಲಾಸಿನವರೆಗೆ ಗೋಲಿನಲ್ಲಿ ನಿಲ್ಲುವುದು ಶಿಕ್ಷೆಯಾಗಿದ್ದರೆ ಆಮೇಲೆ ಅದು ಕಸುಬಾಗುವುದು ಹೇಗೆ?

ಇದು ನನಗೆ ಸಂಕಟ ತರುವುದು ಯಾಕೆಂದರೆ ಈ ಜಿಲ್ಲೆಯ ಹುಡುಗರ ಮೈಯಲ್ಲಿ ಗೋಲ್‌ಕೀಪರ್‌ಗೆ ಬೇಕಾದದ್ದು ಬಹಳಷ್ಟು ಮೊದಲೇ ಇದೆ. ವಾಲಿಬಾಲ್ ಆಡಿದವನಿಗೆ ಗಾಳಿಯಲ್ಲಿ ಬರುವ ಚೆಂಡು ಎಲ್ಲಿ ಇಳಿಯುತ್ತದೆಂದು ಕಾಲಿಗೇ ಗೊತ್ತಾಗುತ್ತದೆ. ಕಬಡ್ಡಿ ಆಡಿದವನು ನೆಲಕ್ಕೆ ಬೀಳಲು ಹೆದರುವುದಿಲ್ಲ. ಕಾಪು ಕಡಲ ತೀರದಲ್ಲಿ ಒಬ್ಬ ಹುಡುಗ ಗೋಲು ಕಾಯುವುದನ್ನು ತುಂಬ ಹೊತ್ತು ನಿಂತು ನೋಡಿದ್ದೇನೆ. ಚಪ್ಪಲಿ ಇಟ್ಟು ಮಾಡಿದ ಗೋಲು, ಮರಳಿನಲ್ಲಿ ಹೂತುಹೋಗುವ ಕಾಲು. ಎಡಕ್ಕೆ ಬಂದ ಚೆಂಡಿಗೆ ಅವನು ಮೊದಲು ಬಲಗಾಲನ್ನು ಒಳಗೆ ತಂದು, ಆಮೇಲೆ ಎಡಗಾಲಿನಿಂದ ಒತ್ತಿ ಹಾರುತ್ತಿದ್ದ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಮರಳು ಕಲಿಸಿತ್ತು. ತಪ್ಪಿದ್ದು ಕೈಯಲ್ಲಿ. ವಾಲಿಬಾಲಿನ ಅಭ್ಯಾಸದಿಂದ ಎದೆಮಟ್ಟದ ಚೆಂಡನ್ನು ಹಿಡಿಯುವ ಬದಲು ಮುಂಗೈಯಿಂದ ಹೊಡೆದು ಎದುರಿಗೇ ಬಿಡುತ್ತಿದ್ದ, ಅದು ಮತ್ತೆ ಎದುರಾಳಿಯ ಕಾಲಿಗೇ ಹೋಗುತ್ತಿತ್ತು. ಎರಡೂ ಹೆಬ್ಬೆರಳು ಹತ್ತಿರ ತಂದು ಬೆರಳುಗಳನ್ನು ಬಿಡಿಸಿ ಚೆಂಡಿನ ಹಿಂಭಾಗಕ್ಕೆ ಕೈ ಕೊಡಬೇಕು. ಹಿಡಿಯಲಾಗದಿದ್ದರೆ ಕಂಬದ ಆಚೆಗೆ ತಳ್ಳಬೇಕು. ಬಲ್ಲವರೊಬ್ಬರು ಪಕ್ಕದಲ್ಲಿದ್ದು ಒಂದು ಮಳೆಗಾಲ ತಿದ್ದಿದರೆ ಸಾಕಿತ್ತು.

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಅಷ್ಟನ್ನೂ ಹಾರಿ ಕಾಯಲು ಯಾರಿಂದಲೂ ಆಗದು. ಒಳ್ಳೆಯ ಕೀಪರ್ ಹಾರುವುದಕ್ಕಿಂತ ಮೊದಲು ಎರಡು ಹೆಜ್ಜೆ ಮುಂದೆ ಬಂದು, ಚೆಂಡಿಗೂ ಗೋಲಿನ ನಡುವಿಗೂ ಸರಿಯಾಗಿ ಅಡ್ಡ ನಿಂತು, ಹೊಡೆಯುವವನಿಗೆ ಕಾಣುವ ಜಾಗವನ್ನೇ ಕಿರಿದು ಮಾಡುತ್ತಾನೆ. ಹನ್ನೊಂದು ಮೀಟರ್ ದೂರದಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ಪೆನಾಲ್ಟಿ ಗೋಲು ಮುಟ್ಟಲು ಬೇಕಾಗುವುದು 0.4 ಸೆಕೆಂಡ್. ಇಸ್ರೇಲ್‌ನ ಸಂಶೋಧಕ ಮೈಕೆಲ್ ಬಾರ್-ಎಲಿ ಮತ್ತು ಸಂಗಡಿಗರು 286 ಪೆನಾಲ್ಟಿಗಳನ್ನು ನೋಡಿ 2007ರಲ್ಲಿ ಬರೆದರು: ಸುಮಾರು ಶೇಕಡ 29 ಚೆಂಡುಗಳು ನಡುವಿಗೇ ಬಂದಿದ್ದವು, ಆದರೆ ಕೀಪರ್‌ಗಳು ನಡುವಿನಲ್ಲೇ ನಿಂತದ್ದು ಶೇಕಡ 6ರಷ್ಟು ಸಲ ಮಾತ್ರ. ಹಾರದೆ ನಿಂತು ಗೋಲು ಬಿಟ್ಟರೆ ಜನ ಬೈಯುತ್ತಾರೆ, ಹಾರಿ ಬಿಟ್ಟರೆ ಕ್ಷಮಿಸುತ್ತಾರೆ. ನಿಂತೇ ಇರಲು ಧೈರ್ಯ ಬೇಕು, ಅದು ಆಡಿದ ಪಂದ್ಯಗಳಿಂದ ಬರುತ್ತದೆ. 1992ರಿಂದ ತನ್ನವರೇ ಕಾಲಿನಿಂದ ಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. 2025ರಿಂದ ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕಾಲಿನ ಆಟವೂ ಬೇಕು, ತಲೆಯೂ ಓಡಬೇಕು.

ಇಷ್ಟನ್ನು ಕಲಿಯಲು ವರ್ಷಗಳು ಬೇಕು, ಅದಕ್ಕೇ ಕೀಪರ್‌ಗಳು ತಡವಾಗಿ ಹಣ್ಣಾಗುತ್ತಾರೆ. ಇಟಲಿಯ ಡಿನೋ ಜೋಫ್ ನಲವತ್ತನೇ ವಯಸ್ಸಿನಲ್ಲಿ 1982ರ ವಿಶ್ವಕಪ್ ಎತ್ತಿದರು. ಈಜಿಪ್ಟ್‌ನ ಎಸ್ಸಾಮ್ ಎಲ್ ಹದರಿ 2018ರ ವಿಶ್ವಕಪ್ ಪಂದ್ಯ ಆಡಿ ಪೆನಾಲ್ಟಿಯನ್ನೂ ತಡೆದಾಗ ನಲವತ್ತೈದು ದಾಟಿದ್ದರು. ಆಟಗಾರರಲ್ಲೆಲ್ಲ ಆಟದ ಆಯುಷ್ಯ ದೀರ್ಘವಾದದ್ದು ಕೀಪರ್‌ಗಳದ್ದೇ. ಆದರೆ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಆ ಬೆಂಚಿನ ವರ್ಷಗಳಲ್ಲಿ ಮನೆ ಖರ್ಚು ಯಾರು ನೋಡಿಕೊಳ್ಳಬೇಕು? ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಕಾಯುವುದಕ್ಕೂ ಸಂಬಳ ಬೇಕು.

ಹಿಂದೆ ಅದನ್ನು ಕೊಟ್ಟದ್ದು ಕಂಪನಿಗಳು, ಸರ್ಕಾರಿ ಸಂಸ್ಥೆಗಳು. ಮುಂಬಯಿಯಲ್ಲಿ ಟಾಟಾ, ಕ್ಯಾಲ್ಟೆಕ್ಸ್, ರೈಲ್ವೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಸೇನೆಯ ಎಂಇಜಿ. ನಮ್ಮ ಊರಿನವರು ಹೋಟೆಲು, ರಾತ್ರಿಶಾಲೆ ಎಂದು ಮುಂಬಯಿಗೆ ಹೋದ ಕಾಲದಲ್ಲಿ ಚೆಂಡು ಚೆನ್ನಾಗಿ ಆಡುವವನಿಗೆ ಅಲ್ಲಿ ಇನ್ನೊಂದು ಬಾಗಿಲೂ ತೆರೆದಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದ ಗೋಲ್‌ಕೀಪರ್ ಎಸ್.ಎಸ್. ನಾರಾಯಣ್ ಹುಟ್ಟಿದ್ದು ಕೇರಳದಲ್ಲಿ, ಆಡಿದ್ದು ಮಾಟುಂಗದ ಮೈದಾನಗಳಲ್ಲಿ, ಕ್ಯಾಲ್ಟೆಕ್ಸ್ ತಂಡದಲ್ಲಿ. ತಿಂಗಳ ಸಂಬಳ, ಸಂಜೆ ಅಭ್ಯಾಸಕ್ಕೆ ಬಿಡುವು, ಆಟ ಮುಗಿದ ಮೇಲೆ ಪಿಂಚಣಿವರೆಗಿನ ಕೆಲಸ. ಒಂದು ಸೀಸನ್ ಪೂರ್ತಿ ಬೆಂಚಿನಲ್ಲಿ ಕುಳಿತವನ ಮನೆಯಲ್ಲೂ ಒಲೆ ಉರಿಯುತ್ತಿತ್ತು.

ಇಂದಿನ ವೃತ್ತಿಪರ ಕ್ಲಬ್ಬುಗಳಲ್ಲಿ ಹಣ ಹೆಚ್ಚು, ಭರವಸೆ ಕಡಿಮೆ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಾಗ, ಮುಂದಿನ ತಿಂಗಳು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೆಸರಾದವರಿಗೇ ಹಾಗಾದರೆ ಮೂರನೇ ಕೀಪರ್‌ನ ಪಾಡು ಊಹಿಸಿ. ಕಾರ್ಕಳದ ತಂದೆಯೊಬ್ಬ ಮಗನನ್ನು ಬೆಂಗಳೂರಿನ ಸೂಪರ್ ಡಿವಿಷನ್ ಕ್ಲಬ್ಬೊಂದಕ್ಕೆ ಕಳಿಸಲು ಹಿಂಜರಿದರೆ ನಾನು ಅವನನ್ನು ದೂರಲಾರೆ.

ಆದರೂ ಇಲ್ಲಿಯೇ ಮಾಡಬಹುದಾದ ಕೆಲಸ ಇದೆ. 2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಆಗಿನ ಮೈಸೂರು ರಾಜ್ಯ ಗೆದ್ದ ಮೇಲೆ ಅದೇ ಮೊದಲು. ಆ ಹುಮ್ಮಸ್ಸು ಘಟ್ಟ ಇಳಿದು ಬರಬೇಕು. ಜಿಲ್ಲೆಯಲ್ಲಿ ಒಬ್ಬರಾದರೂ ದೈಹಿಕ ಶಿಕ್ಷಕರು ಎಎಫ್‌ಸಿಯ ಗೋಲ್‌ಕೀಪಿಂಗ್ ಕೋರ್ಸು ಮಾಡಿ ಬಂದು, ಭಾನುವಾರ ಬೆಳಿಗ್ಗೆ ಮಣಿಪಾಲದಲ್ಲೋ ಕಾಪುವಿನಲ್ಲೋ ಕೀಪರ್‌ಗಳನ್ನು ಮಾತ್ರ ಸೇರಿಸಿ ಅಭ್ಯಾಸ ಮಾಡಿಸಲಿ. ಹುಡುಗಿಯರನ್ನೂ ಕರೆಯಲಿ, ನಮ್ಮ ಕಡೆಯ ಥ್ರೋಬಾಲ್ ಆಟಗಾರ್ತಿಯರ ಕೈ ಚೆಂಡು ಹಿಡಿಯುವುದರಲ್ಲಿ ಹುಡುಗರಿಗಿಂತ ಎಷ್ಟೋ ಸ್ವಚ್ಛ.

ಶಾಲಾ ಟೂರ್ನಮೆಂಟ್ ನಡೆಸುವವರಲ್ಲಿ ನನ್ನ ಒಂದು ಕೋರಿಕೆ. ಹದಿನಾಲ್ಕು ವರ್ಷದೊಳಗಿನವರ ಪಂದ್ಯಗಳಲ್ಲಿ ಪ್ರತಿ ತಂಡವೂ ಇಬ್ಬರು ಕೀಪರ್‌ಗಳನ್ನು ಕರೆತರಲೇಬೇಕು, ಮೊದಲಾರ್ಧಕ್ಕೆ ಒಬ್ಬ, ಎರಡನೇ ಅರ್ಧಕ್ಕೆ ಇನ್ನೊಬ್ಬ ನಿಲ್ಲಬೇಕು ಎಂದು ನಿಯಮ ಬರೆಯಿರಿ. ಖರ್ಚು ಇನ್ನೊಂದು ಜೊತೆ ಗ್ಲೌಸ್‌ನದ್ದು ಮಾತ್ರ. ಅಷ್ಟನ್ನು ಕೊಡಿಸುವ ದಾನಿಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ. ಮಳೆಗಾಲ ಮುಗಿದು ಟೂರ್ನಮೆಂಟುಗಳು ಶುರುವಾಗುವ ಮೊದಲು ಕೇಳಿದರೆ ಆಯಿತು.