ಮೂಕಿ ಪ್ರಣಯಚಿತ್ರಗಳ ಆಕರ್ಷಣೆ: ಬಳ್ಳಾರಿ ಸೀಮೆಯ ದೃಷ್ಟಿಯಿಂದ

ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಇಂದು ನೋಡಲು ದೊರೆಯುವವು ಅತ್ಯಲ್ಪ. ಮೋಹನ್ ಭವನಾನಿ ನಿರ್ದೇಶಿಸಿದ, ಟಿ.ಪಿ. ಕೈಲಾಸಂ ಹಾಗೂ ಕಮಲಾದೇವಿ ಚಟ್ಟೋಪಾಧ್ಯಾಯ ಅಭಿನಯಿಸಿದ ‘ವಸಂತಸೇನಾ’ ಕರ್ನಾಟಕದ ಚಿತ್ರಚರಿತ್ರೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಪ್ರಣಯಚಿತ್ರ. ಆದರೆ ಅದರ ಬಗೆಗಿನ ಇಂದಿನ ಮೆಚ್ಚುಗೆ ಚಿತ್ರವನ್ನು ಕಂಡು ಹುಟ್ಟಿದುದಲ್ಲ. ಅಪರೂಪವೆಂಬ ಕಾರಣಕ್ಕೇ ಕೃತಿಯೊಂದನ್ನು ಶ್ರೇಷ್ಠವೆನ್ನುವುದು ವಿಮರ್ಶೆಯಾಗದು. ಈ ಪ್ರಕಾರದ ಆಕರ್ಷಣೆಯನ್ನು ಉಳಿದು ಬಂದಿರುವ ಚಿತ್ರಗಳಲ್ಲಿಯೇ ಅರಸಬೇಕಾಗುತ್ತದೆ.

ಅಂತಹ ಒಂದು ಚಿತ್ರ 1929ರ ‘ಪ್ರಪಂಚ ಪಾಶ’. ಫ್ರಾಂಜ್ ಓಸ್ಟೆನ್ ನಿರ್ದೇಶನದ ಈ ಚಿತ್ರವನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2006ರಲ್ಲಿ ಪುನರುಜ್ಜೀವನಗೊಳಿಸಿತು. ಚಾರು ರಾಯ್ ಹಾಗೂ ಹಿಮಾಂಶು ರಾಯ್ ಅಭಿನಯಿಸಿದ ಇಬ್ಬರು ಅರಸರು, ಸೀತಾದೇವಿ ಅಭಿನಯಿಸಿದ ಸುನೀತಾ ಎಂಬ ಒಬ್ಬಳೇ ಕನ್ಯೆಯನ್ನು ಬಯಸುತ್ತಾರೆ. ಪ್ರಿಯಕರನು ಕಪಟದ ದಾಳಕ್ಕೆ ಸೋತು ರಾಜ್ಯವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾನೆ. ಮಹಾಭಾರತದ ದ್ಯೂತಪ್ರಸಂಗದ ಛಾಯೆ ಇಲ್ಲಿ ಸ್ಪಷ್ಟವಾಗಿದೆ.

ಈ ಪ್ರಸಂಗ ಬಳ್ಳಾರಿ ಸೀಮೆಗೆ ಹೊಸದಲ್ಲ. ಸಿರುಗುಪ್ಪ, ಕುರುಗೋಡು ಭಾಗದ ಬಯಲಾಟ ಪರಂಪರೆಗೆ ಭಾರತದ ಕಥೆಗಳು ಚಿರಪರಿಚಿತ. ಅಲ್ಲಿ ಭಾಗವತರ ಪದ, ಮದ್ದಳೆಯ ನುಡಿತ, ಪಾತ್ರಧಾರಿಯ ಏರುದನಿಯ ಮಾತು ಭಾವವನ್ನು ಹೊರುತ್ತವೆ. ಬಳ್ಳಾರಿ ನಗರದ ರಂಗಭೂಮಿಯೂ ವಾಚಿಕವನ್ನೇ ನೆಚ್ಚಿತ್ತು. ಆ ರಂಗಭೂಮಿಯ ಬಳ್ಳಾರಿ ರಾಘವರು 1936ರ ತೆಲುಗು ವಾಕ್ಚಿತ್ರ ‘ದ್ರೌಪದೀ ಮಾನಸಂರಕ್ಷಣಂ’ನಲ್ಲಿ ದುರ್ಯೋಧನರಾದರು. ಬಯಲಾಟದಲ್ಲಿ ಮಾತು ಬೆಳೆಸುವ ಸನ್ನಿವೇಶವನ್ನು ‘ಪ್ರಪಂಚ ಪಾಶ’ ಉರುಳುವ ದಾಳ, ತಗ್ಗಿದ ಕಣ್ಣು, ತಡೆದ ಕೈಗಳಿಂದ ಕಟ್ಟುತ್ತದೆ.

ಹಾಗೆಂದು ಮೌನಕ್ಕೆ ಭಾಷೆಯ ಹಂಗಿಲ್ಲವೆಂಬ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ದೃಶ್ಯಗಳ ನಡುವಿನ ಬರಹಫಲಕಗಳನ್ನು ಓದಬೇಕಿತ್ತು. ಓದಲಾರದವರಿಗೆ ಅವನ್ನು ಓದಿ ಹೇಳುವ ರೂಢಿಯೂ ಇತ್ತು. ವಾದ್ಯಗಳ ಮೇಳವೂ ಜೊತೆಗಿರುತ್ತಿತ್ತು. ಫಲಕವು ಕಥೆಯನ್ನು ತಿಳಿಸುತ್ತಿತ್ತೇ ಹೊರತು ಪ್ರಣಯದ ಮಾತನ್ನು ಪೂರ್ತಿಯಾಗಿ ಆಡಿಬಿಡುತ್ತಿರಲಿಲ್ಲ. ಆ ಮಾತನ್ನು ಪ್ರೇಕ್ಷಕನೇ ತುಂಬಬೇಕಿತ್ತು. ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ, 1953ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದ ಈ ಗಡಿನಾಡಿನ ದೃಷ್ಟಿಯಿಂದ ಇದು ಮಹತ್ವದ್ದು. ವಾಕ್ಚಿತ್ರವು ಪ್ರೇಮಿಗಳಿಗೆ ಒಂದು ಭಾಷೆಯನ್ನು ನಿಗದಿಪಡಿಸಿತು. ಮೂಕಿ ಚಿತ್ರವು ಆ ಆಯ್ಕೆಯನ್ನು ನೋಡುವವನ ಮನೆಮಾತಿಗೆ ಬಿಟ್ಟಿತ್ತು.

ಮೂಕಿ ಪ್ರಣಯಚಿತ್ರದ ಸೊಗಸು ಇರುವುದು ಈ ಅವಕಾಶದಲ್ಲಿಯೇ ಹೊರತು ಅದರ ಅಲಭ್ಯತೆಯಲ್ಲಲ್ಲ. ಅಲಭ್ಯತೆಯು ನಷ್ಟ ಮಾತ್ರ. ‘ವಸಂತಸೇನಾ’ ಕುರಿತ ವಿಮರ್ಶೆಯು ಆ ನಷ್ಟವನ್ನು ಗುಣವೆಂದು ಎಣಿಸದಿರುವುದು ಅಗತ್ಯ.